ನರಕ ನೋಡುವವರ ಜಾಗ

ಇಟಲಿಯ ಕವಿ ದಾಂತೆಯ ಕಾವ್ಯಕ್ಕೆ ಚಿತ್ರಕಾರ ಗುಸ್ತಾವ್ ಡೋರೆ ಬಿಡಿಸಿದ ನರಕದಲ್ಲಿ ಹೆಚ್ಚುಕಡಿಮೆ ಎಲ್ಲರೂ ಬೆತ್ತಲೆ. ಮೈತುಂಬ ಬಟ್ಟೆ ಇರುವುದು ಮುಖ್ಯವಾಗಿ ದಾಂತೆಗೆ ಮತ್ತು ಅವನಿಗೆ ದಾರಿ ತೋರಿಸುವ ವರ್ಜಿಲ್‌ಗೆ. ಅಂದರೆ ನೋಡಲು ಬಂದವರಿಗೆ. (ಹೊರಗೆ ಬಂಗಾರದ ಲೇಪ, ಒಳಗೆ ಸೀಸ, ಅಂಥ ನಿಲುವಂಗಿ ಹೊತ್ತು ತೆವಳುವ ಕಪಟಿಗಳನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ, ಅವರಿಗೆ ಬಟ್ಟೆಯೇ ಶಿಕ್ಷೆ.)

*

ದಾಂತೆ 1321ರಲ್ಲಿ ತೀರಿಕೊಂಡ. ಡೋರೆಯ ನರಕ ಪ್ಯಾರಿಸ್‌ನಲ್ಲಿ ಪುಸ್ತಕವಾಗಿ ಬಂದದ್ದು 1861ರಲ್ಲಿ. ಇಷ್ಟು ದುಬಾರಿ ಪುಸ್ತಕ ಯಾರು ಕೊಳ್ಳುತ್ತಾರೆಂದು ಪ್ರಕಾಶಕ ಹಿಂಜರಿದಾಗ, ಇಪ್ಪತ್ತೊಂಬತ್ತರ ಡೋರೆ ಖರ್ಚನ್ನು ತಾನೇ ಹಾಕಿಕೊಂಡ. ಪುಸ್ತಕ ಬಿಸಿಬಿಸಿ ಹೋಯಿತು. ನರಕ ನೋಡಲು ದುಡ್ಡು ಕೊಡುವವರ ಸಂಖ್ಯೆಯನ್ನು ಪ್ರಕಾಶಕರು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆ.

*

ಮರದಚ್ಚಿನಲ್ಲಿ ಉಳಿ ತಾಗಿದ ಜಾಗ ಕಾಗದದ ಮೇಲೆ ಬೆಳ್ಳಗೆ ಉಳಿಯುತ್ತದೆ. ಮುಟ್ಟದೆ ಬಿಟ್ಟ ಜಾಗ ಮಸಿ ಹಿಡಿದು ಕಪ್ಪಾಗುತ್ತದೆ. ಡೋರೆ ಹಲಗೆಯ ಮೇಲೆ ಬಿಡಿಸಿ ಕೊಡುತ್ತಿದ್ದ, ಕೆತ್ತುವವರು ಬೇರೆ ಇದ್ದರು. ಅವರಲ್ಲಿ ಎಲಿಯೊಡೋರ್ ಪಿಸಾಂ ಎಂಬವನ ಹೆಸರು ಎಷ್ಟೋ ಚಿತ್ರಗಳ ಕೆಳಮೂಲೆಯಲ್ಲಿ ಸಣ್ಣಗೆ ಕಾಣುತ್ತದೆ. ಆ ಮನುಷ್ಯ ನರಕದ ಕತ್ತಲೆಯ ಒಂದು ಗೆರೆಯನ್ನೂ ಕೆತ್ತಿಲ್ಲ. ಕೆತ್ತಿದ್ದೆಲ್ಲ ಬೆಳಕು. ಕತ್ತಲು ಅವನು ಕೈ ಹಚ್ಚದೆ ಬಿಟ್ಟದ್ದು.

*

ತಾಮ್ರದಚ್ಚು ಇದರ ತಿರುವುಮುರುವು: ಗೀರಿದ ಗೆರೆಯೊಳಗೇ ಮಸಿ ನಿಲ್ಲುತ್ತದೆ. 1481ರಲ್ಲಿ ಫ್ಲಾರೆನ್ಸ್‌ನಲ್ಲಿ ಅಚ್ಚಾದ ದಾಂತೆಗೆ ಹೀಗೆ ತಗಡಿನ ಚಿತ್ರಗಳನ್ನು ಮಾಡಲು ಹೊರಟರು. ಕಲ್ಪನೆ ಬೊಟಿಚೆಲ್ಲಿಯದು, ಕೈ ಬಾಚ್ಚೊ ಬಾಲ್ದಿನಿಯದು ಎನ್ನುತ್ತಾರೆ. ನೂರು ಸರ್ಗದ ಕಾವ್ಯಕ್ಕೆ 19 ಚಿತ್ರ ಆಗುವಷ್ಟರಲ್ಲಿ ಕೆಲಸ ನಿಂತಿತು. ಆ ಪುಸ್ತಕದ ಚಿತ್ರಕಾರ ನರಕವನ್ನೇ ದಾಟಲಿಲ್ಲ.

*

ಡೋರೆ ದಾಟಿದ. 1868ರಲ್ಲಿ ಸ್ವರ್ಗವನ್ನೂ ಬಿಡಿಸಿದ. ಸ್ವರ್ಗದಲ್ಲಿ ನೆರಳಿಲ್ಲ, ನೆರಳಿಲ್ಲದ ಕಡೆ ಕೆತ್ತುವವನಿಗೆ ಕೆಲಸ ಹೆಚ್ಚು, ನೋಡುವವನಿಗೆ ಕಡಿಮೆ.

*

ಇನ್ನು ನಮ್ಮ ಕಲಬುರ್ಗಿ ಸೀಮೆ: ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿ, ಭೀಮಾ ನದಿಯ ದಂಡೆ. ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ಸ್ತೂಪ. ಸುಣ್ಣಗಲ್ಲಿನ ಫಲಕಗಳ ಮೇಲೆ ಕತೆಗಳನ್ನು ಕೆತ್ತಿದ್ದಾರೆ. ಮಸಿ ಇಲ್ಲ, ಕಾಗದ ಇಲ್ಲ. ಕಪ್ಪು ಬಿಳುಪು ಹಚ್ಚುವ ಕೆಲಸ ಸೂರ್ಯನದು. ಒಂದು ಫಲಕದಲ್ಲಿ ರಾಣಿಯ ಜೊತೆ ನಿಂತ ಅರಸ, ಸುತ್ತ ಸೇವಕಿಯರು. ಬ್ರಾಹ್ಮಿಯಲ್ಲಿ ಹೆಸರು ಬರೆದಿದೆ: ರಾಯೋ ಅಸೋಕೋ. ಇವನು ಒಂದು ಕಾಲಕ್ಕೆ ನರಕ ಕಟ್ಟಿಸಿದವನು ಎಂದು ಬೌದ್ಧರ ಕತೆಗಳೇ ಹೇಳುತ್ತವೆ.

*

‘ಅಶೋಕಾವದಾನ’ದ ಕತೆ ಇದು. ಗಿರಿಕನೆಂಬ ಕ್ರೂರಿಯ ಕೋರಿಕೆಯಂತೆ ಅಶೋಕ ಒಂದು ಸೆರೆಮನೆ ಕಟ್ಟಿಸಿದ. ಹೊರಗಿನಿಂದ ಕಣ್ಣು ತಣಿಯುವಷ್ಟು ಚೆಂದ. ಭಿಕ್ಷುವೊಬ್ಬ ಪಠಿಸುತ್ತಿದ್ದ ಸೂತ್ರವನ್ನು ಕೇಳಿಸಿಕೊಂಡ ಗಿರಿಕ ಅದರಲ್ಲಿದ್ದ ನರಕದ ಶಿಕ್ಷೆಗಳನ್ನು ಒಂದೂ ಬಿಡದಂತೆ ಅದರ ಒಳಗೆ ಸಿದ್ಧಮಾಡಿಕೊಂಡ. ಒಳಗೆ ಬಂದವರು ಜೀವಂತ ಹೊರಗೆ ಹೋಗಬಾರದು ಎಂಬುದು ಕರಾರು. ಇನ್ನೊಬ್ಬ ಭಿಕ್ಷು ಸಿಕ್ಕಿಬಿದ್ದ. ಕುದಿಯುವ ಕಡಾಯಿಗೆ ಹಾಕಿದರೂ ಅವನಿಗೆ ಏನೂ ಆಗಲಿಲ್ಲ. ಸುದ್ದಿ ಕೇಳಿ ಅಶೋಕ ಆ ಸೋಜಿಗ ನೋಡಲು ಬಂದ. ಗಿರಿಕ ಬಾಗಿಲು ಕಟ್ಟಿ ಹೇಳಿದ್ದು ಇಷ್ಟೇ: ತಾವೂ ಒಳಗೆ ಬಂದಿದ್ದೀರಿ, ಪ್ರಭು. ನರಕದ ಸಾಹಿತ್ಯದಲ್ಲೆಲ್ಲ ಪ್ರೇಕ್ಷಕನಿಗೆ ಕೊಟ್ಟ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

(ಅರಸರ ಉತ್ತರವೂ ಅರಸರದ್ದೇ: ನಮ್ಮಿಬ್ಬರಲ್ಲಿ ಮೊದಲು ಒಳಗೆ ಬಂದವರು ಯಾರು? ಗಿರಿಕ ಸುಟ್ಟುಹೋದ. ಸೆರೆಮನೆಯನ್ನು ಕೆಡವಿಸಿದರು.)

*

ಧರ್ಮಗ್ರಂಥದಲ್ಲಿ ಹೆದರಿಸಲು ಬರೆದದ್ದನ್ನು ಗಿರಿಕ ನೀಲನಕ್ಷೆಯಂತೆ ಓದಿಕೊಂಡ. ನರಕವನ್ನು ವಿವರವಾಗಿ ಬಣ್ಣಿಸುವ ಕವಿಗೆ ಇಂಥ ಓದುಗನೂ ಸಿಗುತ್ತಾನೆ.

*

ಕನಗನಹಳ್ಳಿಯ ನೆರೆಯಲ್ಲೇ ಸನ್ನತಿ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಮಾಡು ಕುಸಿದಾಗ, ಕಾಳಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಕಳಿಂಗದ ಧೌಲಿ, ಜೌಗಡಗಳಲ್ಲಿ ಇರುವ ಪ್ರತ್ಯೇಕ ಶಾಸನಗಳೇ ಇಲ್ಲೂ ಇವೆ. ಅಧಿಕಾರಿಗಳಿಗೆ ಹೇಳಿದ ಬುದ್ಧಿಮಾತು ಅದು: ಕಾರಣವಿಲ್ಲದೆ ಯಾರೂ ಸೆರೆ ಸೇರಬಾರದು, ಯಾರಿಗೂ ಹಿಂಸೆ ಆಗಬಾರದು, ಅಸೂಯೆ, ಸಿಟ್ಟು, ಅವಸರ, ಸೋಮಾರಿತನ ಇದ್ದವನ ಕೈಯಲ್ಲಿ ನ್ಯಾಯ ಕೆಡುತ್ತದೆ. ಕತೆಯ ಅಶೋಕ ನರಕ ಕಟ್ಟಿಸಿದ, ಕಲ್ಲಿನ ಅಶೋಕ ಅದು ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಬರೆಸಿದ. ಅದರಲ್ಲಿ ಬೆಂಕಿ ಇಲ್ಲ, ಕಡಾಯಿ ಇಲ್ಲ. ಸೋಮಾರಿ ಗುಮಾಸ್ತನೊಬ್ಬ ಇದ್ದರೆ ಸಾಕು.

*

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಗುರು ಜಿನಸೇನ ಸಂಸ್ಕೃತದಲ್ಲಿ ಆದಿಪುರಾಣ ಬರೆದ. ಪಂಪ ಅದನ್ನು ಹಿಡಿದು 941ರಲ್ಲಿ ಕನ್ನಡದ ಆದಿಪುರಾಣ ಬರೆದ. ಈ ಜೈನ ಕವಿಗಳ ನರಕ ಏಳು ಪದರ: ರತ್ನಪ್ರಭಾ, ಶರ್ಕರಾಪ್ರಭಾ, ವಾಲುಕಾಪ್ರಭಾ, ಪಂಕಪ್ರಭಾ, ಧೂಮಪ್ರಭಾ, ತಮಃಪ್ರಭಾ, ಮಹಾತಮಃಪ್ರಭಾ. ಹರಳುಕಲ್ಲು, ಮರಳು, ಕೆಸರು, ಹೊಗೆ, ಕತ್ತಲು. ಬಾವಿ ತೋಡುವವರ ಬಾಯಲ್ಲಿ ಬರಬಹುದಾದ ಪಟ್ಟಿ.

*

ಮೇಲಿನ ನರಕಗಳು ಬಿಸಿ, ಕೆಳಗಿನವು ಕೊರೆಯುವ ಚಳಿ ಎನ್ನುತ್ತಾರೆ ಜೈನರು. ದಾಂತೆಯ ನರಕದ ತಳದಲ್ಲೂ ಬೆಂಕಿ ಇಲ್ಲ. ಹೆಪ್ಪುಗಟ್ಟಿದ ಕೆರೆಯಲ್ಲಿ ಸೈತಾನ ಎದೆಮಟ್ಟ ಹೂತಿದ್ದಾನೆ. ಒಬ್ಬರನ್ನೊಬ್ಬರು ಓದದವರು ಇಲ್ಲಿ ಒಂದೇ ಮಾತಿಗೆ ಬಂದದ್ದು ನನ್ನನ್ನು ಬಹಳ ಕಾಡಿದೆ. ಬೆಂಕಿಯಲ್ಲಿ ಇರುವವನು ಕೂಗುತ್ತಾನೆ, ಒದ್ದಾಡುತ್ತಾನೆ, ಪಕ್ಕದವನಿಗೆ ಕೇಳಿಸುತ್ತದೆ. ಹಿಮದಲ್ಲಿ ಇರುವವನಿಗೆ ಅದೂ ಇಲ್ಲ. ದಾಂತೆಯ ದ್ರೋಹಿಗಳ ಕಣ್ಣೀರು ಕಣ್ಣಲ್ಲೇ ಗಡ್ಡೆ ಕಟ್ಟಿ ಮುಂದಿನ ಕಣ್ಣೀರಿಗೆ ಅಡ್ಡ ನಿಲ್ಲುತ್ತದೆ. ಅಳಲಿಕ್ಕೂ ಬಿಡದ್ದು ಕೊನೆಯ ಶಿಕ್ಷೆ.

ಮೇ ತಿಂಗಳಲ್ಲಿ ಸೇಡಂ ಬಸ್ ನಿಲ್ದಾಣದಲ್ಲಿ ನಿಂತು ಇದನ್ನು ಹೇಳಿದರೆ ಮಾತ್ರ ಯಾರೂ ಹೆದರುವುದಿಲ್ಲ.

*

ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಲೆಕ್ಕ ಎಲ್ಲೆಲ್ಲಿ ಬೇಕೆಂದು ಹೇಳುತ್ತ ದ್ವೀಪ, ಸಮುದ್ರ, ದೇವಲೋಕದ ಜೊತೆಗೆ ನರಕದ ನಿವಾಸಗಳ ಅಳತೆಯನ್ನೂ ಸೇರಿಸಿದ್ದಾನೆ. ಜೈನರ ಲೆಕ್ಕದಲ್ಲಿ ನರಕದ ಬಿಲಗಳು ಒಟ್ಟು 84 ಲಕ್ಷ. ಏಳು ನೂರು ವರ್ಷದ ಮೇಲೆ, 1588ರಲ್ಲಿ, ಇಪ್ಪತ್ನಾಲ್ಕರ ಗೆಲಿಲಿಯೋ ಫ್ಲಾರೆನ್ಸ್‌ನ ವಿದ್ವತ್ಸಭೆಯಲ್ಲಿ ದಾಂತೆಯ ನರಕದ ಆಕಾರ, ಜಾಗ, ಅಳತೆಗಳ ಮೇಲೆ ಉಪನ್ಯಾಸ ಕೊಟ್ಟ. ಭಯ ಪಡಬೇಕಾದ ಕಡೆ ಲೆಕ್ಕ ಹಾಕುವವರನ್ನು ಕಂಡರೆ ನನಗೆ ಗೌರವ. ಅಳತೆಗೆ ಸಿಕ್ಕದ್ದು ಅರ್ಧ ಪಳಗಿದ ಹಾಗೆ.

*

ಆದಿಪುರಾಣದ ಒಂದು ಕತೆಯನ್ನು ದಾಂತೆಯ ಪಕ್ಕದಲ್ಲಿಟ್ಟು ಓದಬೇಕು. ಮಹಾಬಲನೆಂಬ ರಾಜನಿಗೆ ನಾಲ್ವರು ಮಂತ್ರಿಗಳು. ಅವರಲ್ಲಿ ಎಲ್ಲವೂ ಶೂನ್ಯವೆಂದು ವಾದಿಸುತ್ತಿದ್ದ ಶತಮತಿ ಸತ್ತು ಎರಡನೆಯ ನರಕಕ್ಕೆ ಬಿದ್ದ. ರಾಜ ಜನ್ಮಾಂತರಗಳಲ್ಲಿ ಏರಿ ಶ್ರೀಧರನೆಂಬ ದೇವನಾದ. ದೇವನಾದವನು ಹಳೆಯ ಮಂತ್ರಿಗಳು ಏನಾದರೆಂದು ವಿಚಾರಿಸಿ, ಶತಮತಿಯನ್ನು ಹುಡುಕಿಕೊಂಡು ನರಕಕ್ಕೆ ಇಳಿದ. ನೋಡಲಿಕ್ಕಲ್ಲ, ಮಾತಾಡಲಿಕ್ಕೆ. ನನ್ನ ಗುರುತು ಹತ್ತಿತೇ ಎಂಬಲ್ಲಿಂದ ಆರಂಭಿಸಿ ತಿಳಿಹೇಳಿದ. ಶತಮತಿ ಒಪ್ಪಿದ, ಆಯುಷ್ಯ ತೀರಿದ ಮೇಲೆ ಹೊರಗೂ ಬಂದ.

ಜಿನಸೇನ ಸಾಧುವಾದರೂ ಎದುರುವಾದಿಯನ್ನು ನರಕಕ್ಕೆ ಹಾಕುವಷ್ಟು ಛಲ ಅವನಿಗಿತ್ತು. ಹಾಕಿದ ಮೇಲೆ ಕರೆತರಲು ಒಬ್ಬನನ್ನು ಕಳಿಸಿದ. ದಾಂತೆಯ ನರಕದಲ್ಲಿ ಹಾಕುವವನಿದ್ದಾನೆ, ನೋಡುವವನಿದ್ದಾನೆ. ಕರೆಯಲು ಹೋದವನ ಹಳೆಯ ಸುದ್ದಿ ಮಾತ್ರ ಇದೆ, ಕ್ರಿಸ್ತ ಒಮ್ಮೆ ಇಳಿದು ಕೆಲವರನ್ನು ಕರೆದೊಯ್ದನೆಂದು.

*

ಡೋರೆಯ ಒಂದು ಚಿತ್ರ: ಹೆಪ್ಪುಗಟ್ಟಿದ ಕೆರೆಯ ಮೇಲೆ ದಾಂತೆ ಬಗ್ಗಿ, ಹಿಮದಿಂದ ಹೊರಗೆ ಇಣುಕಿದ ಒಂದು ತಲೆಯ ಕೂದಲು ಹಿಡಿದು ಜಗ್ಗುತ್ತಿದ್ದಾನೆ. ಅವನು ಬೊಕ್ಕಾ ಎಂಬ ದ್ರೋಹಿ, ಹೆಸರು ಹೇಳಲು ಒಲ್ಲೆನೆಂದ ತಪ್ಪಿಗೆ ಈ ಎಳೆದಾಟ. ಇಡೀ ಪುಸ್ತಕದಲ್ಲಿ ಬಂಡೆಯ ಮೇಲೆ ನಿಂತು ನೋಡುತ್ತಿದ್ದವನು ಇಲ್ಲಿ ಕೈ ಹಾಕಿದ್ದಾನೆ. ನೋಡುತ್ತ ನೋಡುತ್ತ ನರಕದ ಸಿಬ್ಬಂದಿಯಲ್ಲಿ ಒಬ್ಬನಾಗಿಬಿಟ್ಟ. ಇದನ್ನು ಮುಚ್ಚಿಡದೆ ಬರೆದದ್ದು ಕವಿಯ ದೊಡ್ಡತನ, ಆರಿಸಿ ಬಿಡಿಸಿದ್ದು ಚಿತ್ರಕಾರನ ಕಣ್ಣು.

*

ಅದಕ್ಕೂ ಮೊದಲು, ಇಬ್ಬರು ಪಾಪಿಗಳ ಜಗಳವನ್ನು ದಾಂತೆ ಮೈಮರೆತು ಕೇಳುತ್ತ ನಿಂತಾಗ ವರ್ಜಿಲ್ ಗದರುತ್ತಾನೆ: ಇಂಥದ್ದನ್ನು ಕೇಳುವ ಆಸೆಯೇ ಕೀಳು. ಚೌಕದಲ್ಲಿ ಜಗಳ ಹತ್ತಿದಾಗ ಮೊಬೈಲು ಎತ್ತಿ ಹಿಡಿಯುವ ನಮ್ಮ ಹಿಂದೆ ವರ್ಜಿಲ್ ಇಲ್ಲ.

*

ಬಾಣನ ‘ಹರ್ಷಚರಿತ’ದಲ್ಲಿ ಯಮಪಟದವನೊಬ್ಬ ಬರುತ್ತಾನೆ. ಕೋಣವೇರಿದ ಯಮನ ಚಿತ್ರವಿರುವ ಬಟ್ಟೆಯನ್ನು ಪೇಟೆಯ ಬೀದಿಯಲ್ಲಿ ಕೋಲಿಗೆ ಕಟ್ಟಿ, ಕಡ್ಡಿಯಿಂದ ತೋರಿಸುತ್ತ ಪರಲೋಕದ ಕತೆ ಹೇಳುವವನು. ಸುತ್ತ ಮಕ್ಕಳ ಗುಂಪು. ಅದೇ ದಾರಿಯಲ್ಲಿ ಹರ್ಷ, ಸಾಯುತ್ತಿರುವ ತಂದೆಯನ್ನು ನೋಡಲು ಅವಸರದಲ್ಲಿ ಹೋಗುತ್ತಿದ್ದಾನೆ. ಮಕ್ಕಳಿಗೆ ಅದು ಆಟ, ಅವನಿಗೆ ಅಪಶಕುನ. ಪಟ ಮಾತ್ರ ಒಂದೇ.

*

ಜಾತ್ರೆಯಲ್ಲಿ ದೇವರ ಪಟಗಳ ಜೊತೆ ಯಮಲೋಕದ ಪಟವೂ ಸಿಗುತ್ತಿತ್ತು: ಎಣ್ಣೆಯ ಕಡಾಯಿ, ಗರಗಸ, ಒಂದೊಂದು ಪಾಪಕ್ಕೂ ಒಂದೊಂದು ಚೌಕ, ಮಾಡಿದ್ದುಣ್ಣೋ ಮಹಾರಾಯ. ದೇವರ ಮುಖವನ್ನು ಕ್ಯಾಲೆಂಡರಿನ ಮೇಲೆ ಮೂಡಿಸಿದ ದೊಡ್ಡ ಕಲಾವಿದರಲ್ಲಿ ಕಲಬುರ್ಗಿಯ ಎಸ್.ಎಂ. ಪಂಡಿತರ (1916–1993) ಹೆಸರು ನಾಡಿಗೆಲ್ಲ ಗೊತ್ತು. ಆ ಯಮಲೋಕದ ಪಟ ಬಿಡಿಸಿದವನ ಹೆಸರು ಯಾರೂ ಕೇಳಲಿಲ್ಲ. ದೇವರ ಪಟ ದೇವರ ಕೋಣೆಗೆ ಹೋಗುತ್ತಿತ್ತು. ಇದು ಕ್ಷೌರದಂಗಡಿಯ ಗೋಡೆಗೆ, ಕನ್ನಡಿಯ ಪಕ್ಕಕ್ಕೆ. ಕತ್ತಿ ಕುತ್ತಿಗೆಯ ಮೇಲಿರುವಾಗ ನೋಡಲು ಸರಿಯಾದ ಜಾಗ.

*

ರೈಲು ವಾಡಿ ಜಂಕ್ಷನ್ ಹತ್ತಿರ ಬಂದಂತೆ ಸಿಮೆಂಟ್ ಧೂಳಿಗೆ ಬೂದಿ ಬಣ್ಣಕ್ಕೆ ತಿರುಗಿದ ಗಿಡಗಳನ್ನು ನೋಡಿ “ಇದೆಂಥಾ ನರಕಾನಪ್ಪಾ” ಎಂದವರ ಮಾತು ಕಿವಿಗೆ ಬಿದ್ದಿದೆ. ಅವರೆಲ್ಲ ಕಿಟಕಿ ಪಕ್ಕದ ಸೀಟಿನವರು. ಪ್ಲಾಟ್‌ಫಾರ್ಮಿನ ಮೇಲೆ ಚಹಾ ಮಾರುವವನು ಹಾಗೆ ಅಂದದ್ದನ್ನು ಕೇಳಿಲ್ಲ. ಅವನ ಚಿಂತೆ ಮಗಳ ಸಾಲಿ ಫೀಸಿನದು.

ಹಾಗೆಂದು ಧೂಳು ಸುಳ್ಳಲ್ಲ. ಎದೆಯೊಳಗೆ ಕೂತ ಧೂಳಿಗೆ ಕೆಮ್ಮು ಸಾಕ್ಷಿ. ಆದರೆ ಒಂದು ಊರನ್ನು ನರಕವೆಂದು ಕರೆದ ಕೂಡಲೇ ಅಲ್ಲಿರುವವರು ಏನೋ ತಪ್ಪು ಮಾಡಿ ಅಲ್ಲಿದ್ದಾರೆಂಬ ಭಾವ ತಾನಾಗಿ ಬಂದು ಸೇರುತ್ತದೆ. ನರಕದಲ್ಲಿ ಯಾರೂ ನೀರು ಕೇಳುವ ಅರ್ಜಿ ಹಾಕುವಂತಿಲ್ಲ. ವಾಡಿಯವರು ಹಾಕಬಹುದು, ಹಾಕಿದ್ದಾರೆ.

*

ಸುಣ್ಣಗಲ್ಲು, ಮಣ್ಣು ಬೆಂದು ಸಿಮೆಂಟಿನ ಕ್ಲಿಂಕರ್ ಆಗಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನರಕದ ಶಾಖಕ್ಕೆ ಕವಿಗಳು ಯಾರೂ ಅಂಕಿ ಕೊಡುವ ಸಾಹಸ ಮಾಡಿಲ್ಲ. ಅದನ್ನು ಬೇಯಿಸುವ ಕಿಲ್ನ್ ನೋಡಿಕೊಳ್ಳುವವನು ಎಂಟು ತಾಸಿನ ಪಾಳಿ ಮುಗಿಸಿ, ಮುಖ ತೊಳೆದು, ಮನೆಗೆ ಹೋಗಿ ರೊಟ್ಟಿ ಮುರಿಯುತ್ತಾನೆ. ದಾಂತೆಯ ದೆವ್ವಗಳಿಗೆ ಪಾಳಿ ಬದಲಾಗುವುದಿಲ್ಲ. ಆ ನರಕದಲ್ಲಿ ನಿಜವಾಗಿ ಯಾರ ಮೇಲಾದರೂ ಕನಿಕರ ಪಡುವುದಿದ್ದರೆ ಮೊದಲು ಅವುಗಳ ಮೇಲೆ.

*

ಶಹಾಬಾದ್ ಕಡೆಯ ಖಣಿಗಳಲ್ಲಿ ವಯಸ್ಸು ಕಳೆದ ಹಿರಿಯರೊಬ್ಬರಿಗೆ ಡೋರೆಯ ಚಿತ್ರಗಳನ್ನು ತೋರಿಸಿದೆ. ಪಾಪಿಗಳನ್ನು ಅವರು ನೋಡಲೇ ಇಲ್ಲ. ಬೆರಳು ಹೋದದ್ದು ಹಿಂದಿನ ಕಡಿದಾದ ಬಂಡೆಯ ಮೇಲೆ.

“ಈ ಕಲ್ಲಿಗಿ ಪದರೇ ಇಲ್ಲಲ್ರಿ ಸರ್. ಹ್ಯಾಂಗ ತಗೀಬೇಕಿದನ್ನ?”

“ಇದು ನರಕದ ಕಲ್ಲು ಯಜಮಾನ್ರ. ಯಾರೂ ತಗಿಯಂಗಿಲ್ಲ.”

“ಹಂಗಾದ್ರ ಸುಮ್ನ ಬಿದ್ದದ ಅನ್ರಿ.”

ಅವರ ಕಲ್ಲು ಹಾಗಲ್ಲ. ಉಳಿ ಇಟ್ಟು ಸಂದು ಹುಡುಕಿ, ಹಾರೆ ಹಾಕಿ ಮೀಟಿದರೆ ಹಾಳೆಯಂತೆ ಏಳುತ್ತದೆ. ಅದೇ ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಫರ್ಸಿ. ಅವರು ಕೆಳಗಿಳಿಯುವುದು ಏನನ್ನಾದರೂ ಮೇಲೆ ತರಲಿಕ್ಕೆ. ಏನನ್ನೂ ಮೇಲೆ ತರದ ಕೆಳಲೋಕ ಅವರಿಗೆ ಅರ್ಥವಾಗಲಿಲ್ಲ.

*

ಕಾಗಿಣಾ ದಂಡೆಯ ಮಳಖೇಡ ಒಂದೇ ಊರು. ಅದರೊಳಗೆ ಎರಡು ನರಕಗಳ ಲೆಕ್ಕ. ಒಂದು ನೇಮಿನಾಥ ಬಸದಿಯದು. ಅಲ್ಲಿನ ನರಕಕ್ಕೆ ಅವಧಿ ಇದೆ: ಏಳನೆಯದರಲ್ಲಿ 33 ಸಾಗರೋಪಮ, ಎಣಿಸಲಾರದಷ್ಟು ಉದ್ದ, ಆದರೂ ಮುಗಿಯುವಂಥದ್ದು. ಇನ್ನೊಂದು ನದಿಯ ಪಕ್ಕದ ಬೃಂದಾವನದ್ದು, ‘ನ್ಯಾಯಸುಧಾ’ ಬರೆದ ಟೀಕಾಚಾರ್ಯ ಜಯತೀರ್ಥರದೆಂದು ಭಕ್ತರು ಸುತ್ತುವ ಜಾಗ. ಅವರ ಮಧ್ವಮತದಲ್ಲಿ ತಮೋಯೋಗ್ಯ ಜೀವರಿಗೆ ಅಂಧಂತಮಸ್ಸು ಎಂಬ ಕಡುಗತ್ತಲು, ಅಲ್ಲಿಂದ ಮರಳುವುದಿಲ್ಲ.

ನಮ್ಮ ದೇಶದಲ್ಲಿ ಹುಟ್ಟಿದ ಬೇರೆ ಮತಗಳಲ್ಲಿ ಇಷ್ಟು ಖಡಾಖಂಡಿತವಾದ ನಿತ್ಯನರಕ ಅಪರೂಪ. ಮಧ್ವರ ಕಾಲ 1238ರಿಂದ 1317 ಎನ್ನುವ ಲೆಕ್ಕ ಹಿಡಿದರೆ, ದಾಂತೆ (1265–1321) ಅವರ ಕಿರಿಯ ಸಮಕಾಲೀನ. ಒಬ್ಬರು ಉಡುಪಿಯಲ್ಲಿ, ಒಬ್ಬರು ಇಟಲಿಯಲ್ಲಿ, ಅದೇ ದಶಕಗಳಲ್ಲಿ ಅದೇ ಬಾಗಿಲಿಗೆ ಬೀಗ ಹಾಕುತ್ತಿದ್ದರು.

*

ಅಂಧಂತಮಸ್ಸಿನ ಮರದಚ್ಚು ಬೇಕಾದರೆ ಹಲಗೆಗೆ ಉಳಿಯನ್ನೇ ಮುಟ್ಟಿಸಬಾರದು.

*

ಜೈನ ಪುರಾಣಗಳ ಶ್ರೇಣಿಕ ಮಹಾರಾಜ ಮಹಾವೀರನ ಭಕ್ತ. ಆದರೂ ಹಿಂದೆ ಕಟ್ಟಿಕೊಂಡ ಕರ್ಮಕ್ಕಾಗಿ ಮೊದಲ ನರಕದಲ್ಲಿ 84,000 ವರ್ಷ. ಅದು ತೀರಿದ ಮೇಲೆ ಮುಂದಿನ ಕಾಲಚಕ್ರದ ಮೊದಲ ತೀರ್ಥಂಕರ ಅವನೇ. ಇವನನ್ನು ಯಾರಾದರೂ ನರಕದಲ್ಲಿ ಬಿಡಿಸಿದರೆ ನೋಡುವವನಿಗೆ ಕಾಣುವುದು ಒಬ್ಬ ಪಾಪಿ. ತೀರ್ಥಂಕರ ಕಾಣುವುದಿಲ್ಲ. ಕಾವ್ಯದಲ್ಲಿ ನಾಳೆ ಇದೆ, ಚಿತ್ರದಲ್ಲಿ ಇಲ್ಲ. ಯಾವ ನರಕವನ್ನೇ ಆಗಲಿ, ಒಂದು ಚೌಕಟ್ಟಿನಲ್ಲಿ ಹಿಡಿದಿಟ್ಟರೆ ಅದು ನಿತ್ಯನರಕ.

*

ಪುಷ್ಪದಂತನೆಂಬ ಅಪಭ್ರಂಶ ಕವಿ ಬೇರೆಡೆ ಅವಮಾನವಾಗಿ ಅಲೆಯುತ್ತ ಮಾನ್ಯಖೇಟಕ್ಕೆ ಬಂದ. ಅಭಿಮಾನಮೇರು ಎಂದು ತನ್ನನ್ನು ಕರೆದುಕೊಂಡವನು; ಮಂತ್ರಿ ಭರತ ರಮಿಸಿ ಮನೆಯಲ್ಲಿಟ್ಟುಕೊಂಡು 959ರಿಂದ 965ರವರೆಗೆ ಮಹಾಪುರಾಣ ಬರೆಸಿದ. ದಾಂತೆಯೂ 1302ರಲ್ಲಿ ಊರು ಬಿಟ್ಟು, ಪರರ ಮನೆಯ ಮೆಟ್ಟಿಲು ಹತ್ತಿ ಇಳಿದು, ಪರ ಊರಿನಲ್ಲೇ ಸತ್ತ. ಇಬ್ಬರಿಗೂ ಸಿಟ್ಟು ಇತ್ತು. ಪುಷ್ಪದಂತ ದುರ್ಜನರನ್ನು ಬೈದು ಕತೆಗೆ ಹೋದ. ದಾಂತೆ ಹೆಸರು ಹಿಡಿದು ಒಬ್ಬೊಬ್ಬರನ್ನೂ ಕತೆಯೊಳಗೇ ಹೂತ.

ಮಾನ್ಯಖೇಟ 972ರಲ್ಲಿ ಪರಮಾರ ಸೀಯಕನ ದಾಳಿಗೆ ಸಿಕ್ಕಿ ಸೂರೆಯಾಯಿತು. ಅದರ ಚಿತ್ರ ಯಾರೂ ಬರೆಯಲಿಲ್ಲ. ಪುಷ್ಪದಂತನ ಮಹಾಪುರಾಣಕ್ಕೆ 1540ರಲ್ಲಿ ದಿಲ್ಲಿ ಬಳಿಯ ಪಾಲಂನಲ್ಲಿ ನೂರಾರು ಚಿತ್ರ ಬರೆದರು. ಈಗ ವಿಮಾನಗಳು ಇಳಿಯುವ ಅದೇ ಪಾಲಂ. ಮಳಖೇಡದ ಕಾವ್ಯಕ್ಕೆ ಮಳಖೇಡದಲ್ಲಿ ಚಿತ್ರವಿಲ್ಲ.

*

ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ (1949) ಆರಂಭದಲ್ಲಿ ದಾಂತೆಗೂ ಕೈಮುಗಿದಿದ್ದಾರೆ. ನಮಸ್ಕಾರ ಕೊಟ್ಟರು, ನರಕ ತೆಗೆದುಕೊಳ್ಳಲಿಲ್ಲ. ಅವರ ರಾವಣನೂ ಉದ್ಧಾರವಾಗುತ್ತಾನೆ.

*

ದಾಂತೆಯ ಕಾವ್ಯ ಕತ್ತಲ ಕಾಡಿನಲ್ಲಿ ದಾರಿ ತಪ್ಪುವುದರಿಂದ ಆರಂಭವಾಗುತ್ತದೆ. ನಮ್ಮ ಚಿಂಚೋಳಿ ಕಾಡಿನಲ್ಲಿ, ಚಂದ್ರಂಪಳ್ಳಿಯ ಕಡೆ ದಾರಿ ತಪ್ಪಿದರೆ ಕುರಿ ಕಾಯುವವರು ಸಿಗುತ್ತಾರೆ. ಅವರು ವರ್ಜಿಲ್‌ನಷ್ಟು ದೂರ ಕರೆದುಕೊಂಡು ಹೋಗುವುದಿಲ್ಲ.

*

ದಾಂತೆಯ ಹಿಮದಲ್ಲಿ ಬ್ರಾಂಕಾ ದೋರಿಯಾ ಎಂಬವನಿದ್ದಾನೆ. ಅವನಿನ್ನೂ ಸತ್ತಿಲ್ಲವಲ್ಲ, ಮೇಲೆ ಉಣ್ಣುತ್ತಾನೆ, ಕುಡಿಯುತ್ತಾನೆ, ಮಲಗುತ್ತಾನೆ ಎಂದು ದಾಂತೆ ಕೇಳುತ್ತಾನೆ. ಆತ್ಮ ದ್ರೋಹದ ಗಳಿಗೆಯಲ್ಲೇ ಇಲ್ಲಿಗೆ ಬಂತು, ಮೇಲೆ ದೇಹವನ್ನು ಒಂದು ದೆವ್ವ ನಡೆಸುತ್ತಿದೆ ಎಂಬ ಉತ್ತರ ಬರುತ್ತದೆ. ಊಟದ ಮೇಜಿನಲ್ಲಿ ಕೂತ ಆ ದೇಹವನ್ನು ಯಾರಾದರೂ ಬಿಡಿಸಬೇಕಿತ್ತು. ಬೆಂಕಿ ಬೇಡ, ಬಂಡೆ ಬೇಡ, ಒಳ್ಳೆಯ ಬಟ್ಟೆ ತೊಟ್ಟು ನಗುತ್ತಿರುವ ಒಬ್ಬ ಗೃಹಸ್ಥ ಸಾಕು.

*

ಶತಮತಿಯ ಕತೆಯನ್ನು ಕನ್ನಡದಲ್ಲಿ ಚಿತ್ರಗಳೊಂದಿಗೆ ಯಾರಾದರೂ ತರಬೇಕು, ಬರೆಯುವವರು ಈ ಸೀಮೆಯವರೇ ಆಗಿರಬೇಕು. ಶ್ರೀಧರನನ್ನು ಬಂಡೆಯ ತುದಿಯಲ್ಲಿ ನಿಲ್ಲಿಸಬೇಡಿ. ಅವನು ನೋಡಲು ಹೋದವನಲ್ಲ, ಶತಮತಿಯ ಪಕ್ಕದಲ್ಲೇ ಕೂರಲಿ. ಕಲ್ಲಿಗೆ ಪದರ ಇರಲಿ. ಇಲ್ಲದಿದ್ದರೆ ಶಹಾಬಾದಿನವರು ಪುಸ್ತಕ ಒಪ್ಪುವುದಿಲ್ಲ.